ತೋಟದಲ್ಲಿ ಜುಕಿನಿ ಮಿತಿಮೀರಿದಾಗ ಕ್ಯಾಸರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಿತವಾಗಿ ಕಾಯಿ ಬಿಡುವುದು ಜುಕಿನಿ ಗಿಡಕ್ಕೆ ಗೊತ್ತೇ ಇಲ್ಲ. ಹವೆ ಬೆಚ್ಚಗಿದ್ದು, ಬೇರಿಗೆ ನೀರು ಸಿಕ್ಕಿ, ಜೇನುನೊಣಗಳ ಓಡಾಟ ಚೆನ್ನಾಗಿದ್ದರೆ ಬೆರಳುದ್ದದ ಹೀಚು ಕೆಲವೇ ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಬುಟ್ಟಿಗಟ್ಟಲೆ ಬರುವ ಈ ಕಾಯನ್ನು ಸಂತೋಷದಿಂದ ತಿಂದು ಮುಗಿಸಲು ಕ್ಯಾಸರೋಲ್‌ಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ಕಾಯೊಳಗಿನ ನೀರನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಜುಕಿನಿ ಕ್ಯಾಸರೋಲ್ ಖಂಡಿತ ನಿರಾಸೆ ತರುತ್ತದೆ. ಕೆಳಗಿನ ಬಹುಪಾಲು ಉತ್ತರಗಳು ಎಲ್ಲಿಂದ ಹೊರಟರೂ ಆ ನೀರಿನ ವಿಚಾರಕ್ಕೇ ಬಂದು ನಿಲ್ಲುವುದು ಅದಕ್ಕಾಗಿಯೇ.

ಇಲ್ಲಿ ಕ್ಯಾಸರೋಲ್ ಎಂದರೆ ಏನು? ಮಿಕ್ಕ ಜುಕಿನಿಗೆ ಅದೇ ಏಕೆ ಒಳ್ಳೆಯದು?

ಬಿಸಿ ಹಿಡಿದಿಡುವ ಡಬ್ಬಿಯ ಮಾತಲ್ಲ. ಅಗಲವಾದ, ಆಳವಿರುವ ಪಾತ್ರೆಯಲ್ಲಿ ತರಕಾರಿ, ಅದನ್ನು ಹಿಡಿದು ನಿಲ್ಲಿಸುವ ಒಂದು ಪದಾರ್ಥ ಮತ್ತು ಮೇಲೊಂದು ಗರಿಗರಿ ಹೊದಿಕೆ, ಇಷ್ಟನ್ನು ಒಟ್ಟಿಗೆ ಓವನ್‌ನಲ್ಲಿ ಬೇಯಿಸಿ ಅದೇ ಪಾತ್ರೆಯಿಂದ ಬಡಿಸುವ ಅಡುಗೆ ಇದು.

ಒಂದು ಕಿಲೋ ಜುಕಿನಿಯನ್ನು ಪಲ್ಯ ಮಾಡಿದರೆ ದೊಡ್ಡ ಬಾಣಲೆಯೇ ತುಂಬಿಹೋಗುತ್ತದೆ. ಅದೇ ಒಂದು ಕಿಲೋವನ್ನು ತುರಿದು ಹಿಂಡಿದರೆ ಸಾಧಾರಣ ಗಾತ್ರದ ಬಟ್ಟಲಿನಷ್ಟಾಗುತ್ತದೆ. ಎರಡು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಒಂದು ಕಿಲೋ, 33×23 ಸೆಂಟಿಮೀಟರ್ ಅಳತೆಯ ದೊಡ್ಡ ಪಾತ್ರೆಯಲ್ಲಿ ಒಂದೂವರೆಯಿಂದ ಎರಡು ಕಿಲೋ ಕಾಯಿ ಸದ್ದಿಲ್ಲದೆ ಕರಗಿಹೋಗುತ್ತದೆ. ಸುಲಭವಾಗಿ ಹೊಟ್ಟೆ ತುಂಬುವ ಊಟ, ಮರುದಿನಕ್ಕೂ ಒದಗುವ ಊಟ.

ಎಷ್ಟು ಹೊತ್ತು ಬೇಯಿಸಿದರೂ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಏಕೆ?

ಜುಕಿನಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಕಾಯಿ ಗಟ್ಟಿಯಾಗಿ ಕಾಣುವುದು ಅದರ ಜೀವಕೋಶಗಳು ನೀರಿನಿಂದ ಬಿಗಿದುಕೊಂಡಿರುವುದರಿಂದ. ಬಿಸಿ ತಾಗಿದಾಗ ಕೋಶದ ಪೊರೆಗಳು ಒಡೆಯುತ್ತವೆ, ಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಸಡಿಲವಾಗುತ್ತದೆ, ಒಳಗಿನ ನೀರು ಹೊರಬರುತ್ತದೆ. ಅಗಲವಾದ ಬಾಣಲೆಯಾದರೆ ಆ ನೀರು ಆವಿಯಾಗಿ ಹೋಗುತ್ತಿತ್ತು. ಕ್ಯಾಸರೋಲ್ ಪಾತ್ರೆ ಆಳ. ಮೇಲೆ ಚೀಸ್, ಬ್ರೆಡ್ ಪುಡಿಯ ಮುಚ್ಚಳ ಬೇರೆ. ಹೋಗಲು ದಾರಿಯಿಲ್ಲದ ನೀರು ತಳ ಸೇರುತ್ತದೆ.

ಇನ್ನಷ್ಟು ಹೊತ್ತು ಬೇಯಿಸುವುದು ಇದಕ್ಕೆ ಪರಿಹಾರವಲ್ಲ. ಹೊತ್ತು ಹೆಚ್ಚಿದಂತೆ ಕಾಯಿ ಇನ್ನೂ ನೀರು ಬಿಡುತ್ತದೆ, ಮೊಟ್ಟೆ ಹಾಕಿದ್ದರೆ ಅದೂ ಗಟ್ಟಿಯಾಗಿ ಕುಗ್ಗಿ ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ನಿರ್ಧಾರವಾಗಬೇಕಾದದ್ದು ಪಾತ್ರೆ ಓವನ್ ಸೇರುವ ಮೊದಲೇ. ದಾರಿಗಳು ಮೂರು: ಉಪ್ಪಿನಿಂದ ನೀರನ್ನು ಹೊರಗೆಳೆಯುವುದು, ಬಿಸಿಯಿಂದ ಆವಿಯಾಗಿಸುವುದು, ಅಥವಾ ಅಕ್ಕಿಯಂಥ ಒಣ ಪದಾರ್ಥಕ್ಕೆ ಆ ನೀರನ್ನು ಕುಡಿಸುವುದು. ಯಾವುದೇ ಕ್ಯಾಸರೋಲ್ ಮಾಡುವ ಮುನ್ನ ಈ ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳಿ. ಉತ್ತರ ಸಿಗದ ಪಾಕವಿಧಾನವನ್ನು ನಾನು ನಂಬುವುದಿಲ್ಲ.

ಉಪ್ಪು ಹಾಕಿ ಹಿಂಡುವ ಸರಿಯಾದ ಕ್ರಮ ಯಾವುದು?

ದಪ್ಪ ರಂಧ್ರದ ತುರಿಮಣೆಯಲ್ಲಿ ತುರಿಯಿರಿ. ಸಣ್ಣ ರಂಧ್ರದಲ್ಲಿ ತುರಿದರೆ ಹಿಂಡುವಾಗ ಮುದ್ದೆಯಾಗಿ, ಬೆಂದ ಮೇಲೆ ಇದ್ದೂ ಇಲ್ಲದಂತಾಗುತ್ತದೆ. ಒಂದು ಕಿಲೋ ತುರಿಗೆ ಎರಡು ಚಹಾ ಚಮಚ ಉಪ್ಪು ಬೆರೆಸಿ, ಜರಡಿಯಲ್ಲಿ ಹಾಕಿ, ಕೆಳಗೊಂದು ಪಾತ್ರೆ ಇಟ್ಟು 20ರಿಂದ 30 ನಿಮಿಷ ಬಿಡಿ. ಕೋಶದ ಹೊರಗೆ ಉಪ್ಪಿನ ಸಾಂದ್ರತೆ ಹೆಚ್ಚಾದಾಗ ಒಳಗಿನ ನೀರು ತಾನಾಗಿ ಹೊರಹರಿಯುತ್ತದೆ. ಆದರೆ ಸುಮ್ಮನೆ ಸೋರಲು ಬಿಟ್ಟರೆ ಸಾಲದು. ನಿಜವಾದ ಕೆಲಸ ಹಿಂಡುವುದರಲ್ಲಿದೆ. ತೆಳುವಾದ, ಶುಭ್ರವಾದ ಹತ್ತಿಬಟ್ಟೆಯಲ್ಲಿ ಎರಡು ಮೂರು ಹಿಡಿಯಷ್ಟು ತುರಿಯನ್ನು ಗಂಟು ಕಟ್ಟಿ, ತಿರುಚಿ ತಿರುಚಿ ಹಿಂಡಿ. ಇನ್ನು ಬರುವುದಿಲ್ಲ ಎನಿಸಿದ ಮೇಲೆ ಗಂಟನ್ನು ಬಿಚ್ಚಿ, ತುರಿಯನ್ನು ಮಗುಚಿ, ಮತ್ತೊಮ್ಮೆ ಹಿಂಡಿ. ಎರಡನೆಯ ಸಲ ಬರುವ ನೀರು ಕಂಡರೆ ಆಶ್ಚರ್ಯವಾಗುತ್ತದೆ. ಒಂದು ಕಿಲೋ ಕಾಯಿಯಿಂದ ಸುಮಾರು 300ರಿಂದ 400 ಮಿಲಿಲೀಟರ್ ಹಸಿರು ನೀರು ಸಿಗುತ್ತದೆ.

ಬಿಲ್ಲೆ ಮಾಡಿದ ಕಾಯಾದರೆ ಹಿಂಡುವಂತಿಲ್ಲ. ಬಟ್ಟೆಯ ಮೇಲೆ ಹರಡಿ ಉಪ್ಪು ಚಿಮುಕಿಸಿ, ಅರ್ಧ ಗಂಟೆಯ ನಂತರ ಇನ್ನೊಂದು ಬಟ್ಟೆಯಿಂದ ಒತ್ತಿ ಒರೆಸಿ. ಇದರಿಂದ ತಕ್ಕಮಟ್ಟಿಗೆ ನೀರು ಹೋಗುತ್ತದೆ, ಅಷ್ಟೆ. ಬಿಲ್ಲೆಗಳಿಗೆ ಬಿಸಿಯ ದಾರಿಯೇ ಮೇಲು.

ಹೀಗೆ ಮಾಡಿದರೆ ಅಡುಗೆ ಉಪ್ಪಾಗುವುದಿಲ್ಲವೇ?

ಉಪ್ಪಿನ ಒಂದು ಭಾಗ ನೀರಿನೊಂದಿಗೆ ಹೋಗುತ್ತದೆ, ಉಳಿದದ್ದು ತುರಿಯಲ್ಲೇ ಇರುತ್ತದೆ. ಹಾಗಾಗಿ ಮಿಶ್ರಣಕ್ಕೆ ಬೇರೆ ಉಪ್ಪು ಹಾಕಬೇಡಿ. ಚೀಸ್‌ನಲ್ಲೂ ಉಪ್ಪಿದೆ ಎಂಬುದು ನೆನಪಿರಲಿ. ಹಿಂಡಿದ ಒಂದು ಚಿಟಿಕೆ ತುರಿಯನ್ನು ಬಾಯಿಗೆ ಹಾಕಿ ನೋಡಿ. ಹೆಚ್ಚೆನಿಸಿದರೆ ತಣ್ಣೀರಿನಲ್ಲಿ ಬೇಗನೆ ಜಾಲಾಡಿ ಮತ್ತೆ ಹಿಂಡಿ. ಉಪ್ಪು ಕಡಿಮೆ ತಿನ್ನಬೇಕಾದವರು ಈ ದಾರಿಯನ್ನೇ ಬಿಟ್ಟು ಬಾಣಲೆ ಅಥವಾ ಓವನ್ ಬಳಸುವುದು ಒಳ್ಳೆಯದು.

ಹಿಂಡಿದ ನೀರನ್ನು ಚೆಲ್ಲಬೇಡಿ. ಉಪ್ಪಿನ ಲೆಕ್ಕ ಗಮನದಲ್ಲಿಟ್ಟುಕೊಂಡು ಅನ್ನ ಬೇಯಿಸಲು, ಸೂಪಿಗೆ, ಬೇಳೆಗೆ ಸೇರಿಸಬಹುದು. ಉಪ್ಪು ಬೆರೆತ ನೀರನ್ನು ಗಿಡಕ್ಕೆ ಮಾತ್ರ ಹಾಕಬೇಡಿ.

ಬಿಲ್ಲೆಗಳನ್ನು ಮೊದಲೇ ಹುರಿಯಬೇಕೇ?

ಹೌದು. ಪದರ ಪದರವಾಗಿ ಜೋಡಿಸುವ ಕ್ಯಾಸರೋಲ್‌ಗೆ ಇದನ್ನು ತಪ್ಪಿಸಲು ಆಗದು. ಬಿಲ್ಲೆಗಳು 6ರಿಂದ 8 ಮಿಲಿಮೀಟರ್ ದಪ್ಪವಿರಲಿ. ಎಣ್ಣೆ ಸವರಿ, ಅಗಲವಾದ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಇಡಿ. ಅಂಚು ಕಂದಾಗಿ, ನಡುಭಾಗ ಕುಗ್ಗಿದ್ದರೆ ಹದ ಬಂದಿದೆ. ತಟ್ಟೆಯಲ್ಲಿ ಒತ್ತೊತ್ತಾಗಿ ತುಂಬಿದರೆ ಆವಿ ಹೋಗಲು ಜಾಗವಿಲ್ಲದೆ ಹೋಳುಗಳು ಹುರಿಯುವ ಬದಲು ಬೇಯುತ್ತವೆ. ಎರಡು ತಟ್ಟೆ ಬೇಕಾದರೆ ಎರಡು ಬಳಸಿ.

ನೀರು ಹೋಗುವುದಷ್ಟೇ ಇದರ ಲಾಭವಲ್ಲ. ಕಂದು ಬಣ್ಣಕ್ಕೆ ತಿರುಗಿದ ಜುಕಿನಿಗೆ ಬರುವ ಸಿಹಿ, ಬೀಜದಂಥ ಪರಿಮಳ ಬೇಯಿಸಿದ ಕಾಯಿಗೆ ಎಂದೂ ಬರುವುದಿಲ್ಲ. ಸಮಯ ಇರುವ ದಿನ ನಾನು ಉಪ್ಪಿನ ದಾರಿಯನ್ನು ಬಿಟ್ಟು ಇದನ್ನೇ ಆಯ್ದುಕೊಳ್ಳುತ್ತೇನೆ.

ನೀರು ತೆಗೆಯದೆಯೇ ಮಾಡುವ ಕ್ಯಾಸರೋಲ್ ಇದೆಯೇ?

ಇದೆ, ನನಗೆ ತುಂಬ ಪ್ರಿಯವಾದದ್ದೂ ಅದೇ. ಕಾಯಿಯ ನೀರಿನಲ್ಲೇ ಅಕ್ಕಿ ಬೇಯುವ ಕ್ಯಾಸರೋಲ್. ಇಲ್ಲಿ ಜುಕಿನಿಯ ದೋಷ ಎನಿಸಿಕೊಂಡದ್ದೇ ಗುಣವಾಗುತ್ತದೆ.

ಒಂದು ಕಿಲೋ ಜುಕಿನಿಯನ್ನು ದಪ್ಪಗೆ ತುರಿದುಕೊಳ್ಳಿ, ಹಿಂಡಬೇಡಿ. 125 ಗ್ರಾಂ ಗಿಡ್ಡ ಕಾಳಿನ ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ ಸೋಸಿ. ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ ನಿಧಾನವಾಗಿ ಹೊಂಬಣ್ಣಕ್ಕೆ ಹುರಿಯಿರಿ. ಎಲ್ಲವನ್ನೂ ಬೆರೆಸಿ, ಒಂದೂವರೆ ಚಹಾ ಚಮಚ ಉಪ್ಪು, ಕುಟ್ಟಿದ ಕಾಳುಮೆಣಸು, ಒಂದು ಹಿಡಿ ಹೆಚ್ಚಿದ ಪುದೀನ ಅಥವಾ ಸಬ್ಬಸಿಗೆ, 100 ಗ್ರಾಂ ತುರಿದ ಚೀಸ್ ಸೇರಿಸಿ ಎಣ್ಣೆ ಸವರಿದ ಪಾತ್ರೆಗೆ ಹಾಕಿ. ಓವನ್‌ಗೆ ಇಡುವ ಮೊದಲು 20 ನಿಮಿಷ ಹಾಗೇ ಬಿಡಿ. ಉಪ್ಪು ತಾಗಿ ತುರಿ ನೀರು ಬಿಡುತ್ತದೆ, ಅಕ್ಕಿ ಅದರಲ್ಲಿ ಮುಳುಗುತ್ತದೆ. ನಂತರ ಬಿಗಿಯಾಗಿ ಮುಚ್ಚಿ 190 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಒಂದು ಅಗುಳನ್ನು ಹಿಚುಕಿ ನೋಡಿ. ಬೆಂದಿದ್ದರೆ ಮುಚ್ಚಳ ತೆಗೆದು, ಮೇಲೆ ಬ್ರೆಡ್ ಪುಡಿ, ಸ್ವಲ್ಪ ಎಣ್ಣೆ ಹರಡಿ, 210 ಡಿಗ್ರಿಗೆ ಏರಿಸಿ ಇನ್ನೂ 15ರಿಂದ 20 ನಿಮಿಷ ಇಡಿ. ಗಟ್ಟಿ ಚೌಕಗಳಾಗಿ ಕತ್ತರಿಸಬೇಕೆಂದರೆ ಮಿಶ್ರಣಕ್ಕೆ ಎರಡು ಮೊಟ್ಟೆ ಒಡೆದು ಹಾಕಬಹುದು.

ಅಕ್ಕಿಯ ಜಾಗದಲ್ಲಿ ಗೋಧಿ ನುಚ್ಚು, ಸಣ್ಣ ರವೆ, ಬೇಯಿಸದ ಲಜಾನ್ಯ ಹಾಳೆ (ಅಗಲ ಹಾಳೆಯಂಥ ಪಾಸ್ತಾ), ಒಣಗಿದ ಬ್ರೆಡ್ ತುಂಡು ಕೂಡ ನೀರು ಕುಡಿಯುತ್ತವೆ. ರವೆಯಾದರೆ ಪ್ರಮಾಣ ಸ್ವಲ್ಪ ಕಡಿಮೆ ಮಾಡಿ; ಹೆಚ್ಚಾದರೆ ಬಾಯಲ್ಲಿ ಮೆತ್ತಿಕೊಳ್ಳುತ್ತದೆ.

ಮೊಟ್ಟೆ, ಚೀಸ್ ಹಾಕಿದ ಸಾಮಾನ್ಯ ಕ್ಯಾಸರೋಲ್‌ಗೆ ನಂಬಬಹುದಾದ ಅಳತೆ ಕೊಡಿ.

ಒಂದು ಕಿಲೋ ಜುಕಿನಿ, ತುರಿದು ಉಪ್ಪು ಹಾಕಿ ಚೆನ್ನಾಗಿ ಹಿಂಡಿದ್ದು. ನಾಲ್ಕು ಮೊಟ್ಟೆ. 150 ಗ್ರಾಂ ತುರಿದ ಚೀಸ್. 60 ಗ್ರಾಂ ಒಣ ಬ್ರೆಡ್ ಪುಡಿ, ಅದರಲ್ಲಿ ಅರ್ಧ ಒಳಗೆ, ಅರ್ಧ ಮೇಲೆ. 150 ಮಿಲಿಲೀಟರ್ ಕೆನೆ ಅಥವಾ ನೀರು ಸೋರಿಸಿದ ಗಟ್ಟಿ ಮೊಸರು. ಹುರಿದ ಈರುಳ್ಳಿ ಒಂದು. ಕಾಳುಮೆಣಸು, ಒಂದು ಚೂರು ಜಾಯಿಕಾಯಿ ತುರಿ. 180 ಡಿಗ್ರಿಯಲ್ಲಿ 40 ನಿಮಿಷ. ನಡುಭಾಗಕ್ಕೆ ಚಾಕು ಚುಚ್ಚಿದಾಗ ಹಸಿ ಮೊಟ್ಟೆ ಅಂಟಬಾರದು. ಥರ್ಮಾಮೀಟರ್ ಇದ್ದರೆ ಒಳಗಿನ ಕಾವು 71 ಡಿಗ್ರಿ ದಾಟಿರಬೇಕು.

ಹಿಂಡಿದ ಮೇಲೆ ಈ ಅಳತೆಯನ್ನು ಹೇಗೆ ಬೇಕಾದರೂ ಹಿಗ್ಗಿಸಿ ಕುಗ್ಗಿಸಬಹುದು. ಹಿಂಡದೆ ಮಾಡಿದರೆ ಯಾವ ಅಳತೆಯೂ ಕಾಪಾಡದು.

ಮೊಟ್ಟೆ ತಿನ್ನದವರು ಏನು ಮಾಡಬೇಕು?

ಎರಡು ಒಳ್ಳೆಯ ದಾರಿಗಳಿವೆ. ಮೊದಲನೆಯದು ಬಿಳಿ ಸಾಸ್. 50 ಗ್ರಾಂ ಬೆಣ್ಣೆಯಲ್ಲಿ 50 ಗ್ರಾಂ ಮೈದಾ ಹಿಟ್ಟನ್ನು ಹಸಿ ವಾಸನೆ ಹೋಗುವಷ್ಟು ಹುರಿದು, 500 ಮಿಲಿಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಗಂಟಿಲ್ಲದಂತೆ ಕಲಕಿ ಕುದಿಸಿ. ಬೇರೆ ಅಡುಗೆಗೆ ಇದು ಅತಿ ಗಟ್ಟಿ ಎನಿಸಬಹುದು. ಇಲ್ಲಿ ಅದು ಬೇಕೇ ಬೇಕು, ಏಕೆಂದರೆ ಎಷ್ಟು ಹಿಂಡಿದರೂ ಜುಕಿನಿ ಇನ್ನೂ ಒಂದಿಷ್ಟು ನೀರು ಬಿಟ್ಟು ಸಾಸನ್ನು ಸಡಿಲಿಸುತ್ತದೆ.

ಎರಡನೆಯದು ಕಡಲೆಹಿಟ್ಟು. ಒಂದು ಕಿಲೋ ಕಾಯಿಯ ಹಿಂಡಿದ ತುರಿಗೆ 100 ಗ್ರಾಂ ಕಡಲೆಹಿಟ್ಟು, 250 ಮಿಲಿಲೀಟರ್ ನೀರು ಅಥವಾ ಹಾಲು, ಎರಡು ದೊಡ್ಡ ಚಮಚ ಎಣ್ಣೆ. 190 ಡಿಗ್ರಿಯಲ್ಲಿ 45 ನಿಮಿಷ ಬೇಯಿಸಿ. ಕಡಲೆಹಿಟ್ಟಿನ ಹಸಿ ವಾಸನೆ ಪೂರ್ತಿ ಹೋಗಬೇಕು, ಅವಸರ ಸಲ್ಲದು. ಆರಿದಂತೆ ಇದು ಗಟ್ಟಿಯಾಗುತ್ತದೆ. 20 ನಿಮಿಷ ಬಿಟ್ಟು ಕತ್ತರಿಸಿದರೆ ತುಂಡು ನೀಟಾಗಿ ಬರುತ್ತದೆ. ಹಾಲಿನ ಪದಾರ್ಥವೂ ಬೇಡವೆಂದರೆ ಇದೇ ಸರಿ. ನೆನೆಸಿ ರುಬ್ಬಿದ ಗೋಡಂಬಿಯನ್ನು ಮೇಲೆ ತೆಳುವಾಗಿ ಸವರಿದರೆ ಹೊದಿಕೆ ಚೆನ್ನಾಗಿ ಕಂದಾಗುತ್ತದೆ.

ಎಲೆಯ ಮರೆಯಲ್ಲಿ ಉಳಿದು ಮೊಣಕೈಯುದ್ದ ಬೆಳೆದ ಕಾಯಿ ಕ್ಯಾಸರೋಲ್‌ಗೆ ಆಗುತ್ತದೆಯೇ?

ಆಗುತ್ತದೆ, ಎಳೆಗಾಯಿಯಂತೆ ನಡೆಸಿಕೊಳ್ಳದಿದ್ದರೆ. ಉದ್ದಕ್ಕೆ ಸೀಳಿ. ನಡುವಿನ ಸ್ಪಂಜಿನಂಥ ತಿರುಳನ್ನೂ ಬಲಿತ ಬೀಜಗಳನ್ನೂ ಚಮಚದಿಂದ ಕೆರೆದು ತೆಗೆಯಿರಿ. ಸಿಪ್ಪೆಗೆ ಉಗುರು ಸುಲಭವಾಗಿ ಇಳಿಯದಿದ್ದರೆ ಸಿಪ್ಪೆಯನ್ನೂ ಹೆರೆಯಿರಿ. ಉಳಿಯುವ ಗಟ್ಟಿ ಭಾಗ ತುರಿಯಲು ಒಳ್ಳೆಯದು, ಅಕ್ಕಿಯ ಕ್ಯಾಸರೋಲ್‌ಗಂತೂ ಬಹಳ ಒಳ್ಳೆಯದು. ಬಿಲ್ಲೆ ಮಾಡಿ ಪದರ ಜೋಡಿಸಲು ಮಾತ್ರ ಬಳಸಬೇಡಿ. ನಾರು ನಾರಾಗಿ ಸಿಗುತ್ತದೆ. ರುಚಿ ಇನ್ನೂ ಸಪ್ಪೆ ಇರುವುದರಿಂದ ಬೆಳ್ಳುಳ್ಳಿ, ಸೊಪ್ಪು, ಚೀಸ್ ಧಾರಾಳವಾಗಿರಲಿ.

ಹೊಂಡ ತೆಗೆದ ದೊಡ್ಡ ಕಾಯಿಯ ಅರ್ಧಭಾಗಗಳನ್ನೇ ದೋಣಿಯಂತೆ ಇಟ್ಟು, ಬೇಯಿಸಿದ ಕಾಳು ಅಥವಾ ಹುರಿದ ಖೀಮಾ ತುಂಬಿ ಬೇಯಿಸುವುದೂ ಉಂಟು. ತುಂಬುವ ಮೊದಲು ಖಾಲಿ ದೋಣಿಗಳನ್ನು ಬೋರಲು ಹಾಕಿ 15 ನಿಮಿಷ ಓವನ್‌ನಲ್ಲಿಟ್ಟರೆ ನೀರು ಕೆಳಗಿಳಿಯುತ್ತದೆ.

ಕಾಯಿ ಕಹಿಯಾಗಿದೆ. ಚೀಸ್, ಮಸಾಲೆ ಹೆಚ್ಚು ಹಾಕಿ ಬಳಸಬಹುದೇ?

ಬೇಡ. ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ ಪದಾರ್ಥಗಳು. ಕುಂಬಳ, ಸೌತೆಯ ಕುಟುಂಬದ ಕಾಡು ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ಇವನ್ನು ತಯಾರಿಸುತ್ತವೆ. ತೋಟದ ತಳಿಗಳಲ್ಲಿ ಇವು ಬಹುತೇಕ ಇಲ್ಲದಂತೆ ಆಯ್ದು ಬೆಳೆಸಲಾಗಿದೆ, ಆದರೆ ಕೆಲವೊಮ್ಮೆ ಮರಳುತ್ತವೆ. ಬೇಯಿಸಿದರೆ ಇವು ನಾಶವಾಗುವುದಿಲ್ಲ. ತಿಂದರೆ ಹೊಟ್ಟೆನೋವು, ವಾಂತಿ, ತೀವ್ರ ಭೇದಿ ಆಗಬಹುದು. 2015ರಲ್ಲಿ ಜರ್ಮನಿಯಲ್ಲಿ ಮನೆಯ ತೋಟದಲ್ಲಿ ಬೆಳೆದ ಕಹಿ ಜುಕಿನಿಯ ಅಡುಗೆ ತಿಂದು ಹಿರಿಯರೊಬ್ಬರು ಸತ್ತರು. ಅದಕ್ಕೇ ಪ್ರತಿ ಕಾಯಿಯ ತೊಟ್ಟಿನ ಕಡೆಯಿಂದ ಒಂದು ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗುಳಿ ಕಾಯನ್ನು ಎಸೆಯಿರಿ. ಕ್ಯಾಸರೋಲ್‌ನಲ್ಲಿ ಹಲವು ಕಾಯಿಗಳು ಒಟ್ಟಿಗೆ ತುರಿದು ಬೆರೆಯುವುದರಿಂದ ಈ ಪರೀಕ್ಷೆ ಇನ್ನಷ್ಟು ಮುಖ್ಯ. ಒಂದು ಕಾಯಿ ಇಡೀ ಪಾತ್ರೆಯನ್ನು ಕೆಡಿಸುತ್ತದೆ. ಬೆಂದ ಮೇಲೆ ಕಹಿ ಗೊತ್ತಾದರೂ ಅಷ್ಟೇ, ಪೂರ್ತಿ ಎಸೆಯಿರಿ.

ಅಪಾಯ ಹೆಚ್ಚಿರುವುದು ಮನೆಯಲ್ಲೇ ಉಳಿಸಿದ ಬೀಜದಲ್ಲಿ. ಜುಕಿನಿಯೂ ಅಲಂಕಾರಕ್ಕೆ ಬೆಳೆಸುವ ಹಲವು ಕಹಿ ಬುರುಡೆಗಳೂ ಕುಕುರ್ಬಿಟಾ ಪೆಪೋ ಎಂಬ ಒಂದೇ ಜಾತಿಗೆ ಸೇರಿದವು. ಜೇನುನೊಣ ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ದರೆ ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಅದರ ಬೀಜದಿಂದ ಹುಟ್ಟಿದ ಗಿಡದ ಕಾಯಿ ಕಹಿಯಾಗಬಹುದು. ಗೊಬ್ಬರದ ಗುಂಡಿಯಲ್ಲಿ ತಾನಾಗಿ ಹುಟ್ಟಿದ ಗಿಡದ ಕಾಯನ್ನು ಅಡುಗೆಗೆ ಬಳಸಬೇಡಿ. ನೀರಿನ ಕೊರತೆ, ಅತಿ ಬಿಸಿಲಿನಂಥ ಒತ್ತಡದಿಂದಲೂ ಕಹಿ ಹೆಚ್ಚಬಹುದು.

ಸಿಪ್ಪೆ ತೆಗೆಯಬೇಕೇ?

ಎಳೆಗಾಯಿಗೆ ಬೇಡ. ಬಣ್ಣವೂ ಕಾಯಿಯ ಬಿಗುವೂ ಸಿಪ್ಪೆಯಲ್ಲೇ ಇವೆ.

ಎಲ್ಲ ಸರಿ ಮಾಡಿದರೂ ಸಪ್ಪೆ ಎನಿಸುತ್ತದೆ. ಏನು ಸೇರಿಸಲಿ?

ಜುಕಿನಿಗೆ ಸ್ವಂತ ರುಚಿ ಮೆಲ್ಲಗಿನದು. ಅದನ್ನು ಎತ್ತಿ ಹಿಡಿಯಲು ಹುಳಿ, ಜಿಡ್ಡು, ಕಂದುಬಣ್ಣಕ್ಕೆ ಹುರಿದ ಏನಾದರೊಂದು ಬೇಕು. ಬಹಳ ಮಂದಿ ಉಪ್ಪು, ಖಾರ ಏರಿಸುತ್ತ ಹೋಗುತ್ತಾರೆ. ನಿಜಕ್ಕೂ ಕೊರತೆಯಾಗಿರುವುದು ಹುಳಿ. ಬಡಿಸುವ ಮೊದಲು ನಿಂಬೆರಸ ಹಿಂಡಿ ನೋಡಿ, ಅಥವಾ ಮಿಶ್ರಣಕ್ಕೇ ನಿಂಬೆಸಿಪ್ಪೆಯ ತುರಿ ಹಾಕಿ. ಹುರಿದ ಅಣಬೆ, ಒಣಗಿಸಿದ ಟೊಮೆಟೊ, ಹಳೆಯದಾದ ಗಟ್ಟಿ ಚೀಸ್ ಆಳವಾದ ರುಚಿ ಕೊಡುತ್ತವೆ. ಸೊಪ್ಪಿನಲ್ಲಿ ಪುದೀನ, ಸಬ್ಬಸಿಗೆ, ಬೇಸಿಲ್ ಮೂರೂ ಹೊಂದುತ್ತವೆ. ಮೂರನ್ನೂ ಒಟ್ಟಿಗೆ ಹಾಕಬೇಡಿ, ಒಂದನ್ನು ಆರಿಸಿ ಕೈತುಂಬ ಹಾಕಿ.

ಯಾವ ಚೀಸ್ ಒಳ್ಳೆಯದು?

ನೀರು ಕಡಿಮೆ ಇರುವುದು. ಚೆಡ್ಡಾರ್, ಗ್ರುಯೇರ್, ಪಾರ್ಮೆಸಾನ್ ಎಲ್ಲವೂ ಸರಿ. ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಝರೆಲ್ಲಾ ಹಾಕಿದರೆ ಹಿಂಡಿ ಹೊರಹಾಕಿದ ನೀರನ್ನು ನಾವೇ ಮತ್ತೆ ಸುರಿದಂತೆ. ಅದೇ ಬೇಕೆಂದರೆ ಚೂರು ಮಾಡಿ ಬಟ್ಟೆಯ ಮೇಲೆ ಒಂದು ಗಂಟೆ ಸೋರಲು ಬಿಡಿ. ತುರಿದೇ ಮಾರುವ ಚೀಸ್‌ಗೆ ಎಳೆಗಳು ಅಂಟದಿರಲೆಂದು ಪಿಷ್ಟ ಅಥವಾ ಸೆಲ್ಯುಲೋಸ್ ಬೆರೆಸಿರುತ್ತಾರೆ, ಅದು ನಯವಾಗಿ ಕರಗುವುದಿಲ್ಲ. ಗಟ್ಟಿ ತಂದು ತುರಿಯುವುದು ಮೇಲು. ಪನೀರ್ ಕರಗುವುದಿಲ್ಲ, ಆದರೆ ಪುಡಿಮಾಡಿ ತುರಿಯ ಜೊತೆ ಬೆರೆಸಿದರೆ ಒಡಲು ಕೊಡುತ್ತದೆ.

ಟೊಮೆಟೊ ಸೇರಿಸಿ ಪದರ ಪದರವಾಗಿ ಮಾಡಬಹುದೇ? ತೋಟದಲ್ಲಿ ಅದೂ ಮಿಕ್ಕಿದೆ.

ಜುಕಿನಿಯ ಜೊತೆ ಅದೇ ಕಾಲಕ್ಕೆ ಹಣ್ಣಾಗುವ ಟೊಮೆಟೊ ಅದಕ್ಕೆ ತಕ್ಕ ಜೋಡಿ. ಆದರೆ ಅದೂ ನೀರಿನ ಮೂಟೆಯೇ. ಒಂದು ಕಿಲೋ ಟೊಮೆಟೊವನ್ನು ಬೆಳ್ಳುಳ್ಳಿ, ಎಣ್ಣೆಯೊಂದಿಗೆ ಅರ್ಧಕ್ಕೂ ಕಡಿಮೆ ಆಗುವಷ್ಟು ಕುದಿಸಿ ಬತ್ತಿಸಿ. ಚಮಚದಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಸಾಸ್ ಕೂಡಿಕೊಳ್ಳಲು ತುಸು ಹೊತ್ತು ಹಿಡಿಯಬೇಕು. ತಳದಲ್ಲಿ ಬ್ರೆಡ್ ಪುಡಿ ಉದುರಿಸಿ, ಮೇಲೆ ಹುರಿದ ಬಿಲ್ಲೆ, ಸಾಸ್, ಚೀಸ್, ಮತ್ತೆ ಬಿಲ್ಲೆ, ಹೀಗೆ ಮೂರು ಸುತ್ತು. 190 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ತೆಳುವಾದ ಬಿಲ್ಲೆಗಳನ್ನು ಉದ್ದಕ್ಕೆ, 4ರಿಂದ 5 ಮಿಲಿಮೀಟರ್ ದಪ್ಪಕ್ಕೆ ಕೊಯ್ದು ಹುರಿದರೆ ಲಜಾನ್ಯ ಹಾಳೆಯ ಜಾಗದಲ್ಲೂ ಬಳಸಬಹುದು.

ಟೊಮೆಟೊ ತಾಗುವಂತೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ಇಡಬೇಡಿ. ಹುಳಿ ಮತ್ತು ಉಪ್ಪು ಸೇರಿ ಹಾಳೆಯನ್ನು ತಿನ್ನುತ್ತವೆ.

ಓವನ್‌ನಿಂದ ತೆಗೆದ ತಕ್ಷಣ ಬಡಿಸಬಹುದೇ?

15 ನಿಮಿಷ ಕಾಯಿರಿ. ಹೊರತೆಗೆದಾಗ ಸಡಿಲವಾಗಿ ಕಂಡ ಸಾಸ್, ಮೊಟ್ಟೆ, ಪಿಷ್ಟ ಎಲ್ಲವೂ ಆರುತ್ತಿದ್ದಂತೆ ಬಿಗಿಯುತ್ತವೆ, ಅಂಚಿನಲ್ಲಿ ಕಂಡ ನೀರನ್ನೂ ಒಂದಿಷ್ಟು ಹೀರಿಕೊಳ್ಳುತ್ತವೆ.

ಓವನ್ ಇಲ್ಲ. ಒಲೆಯ ಮೇಲೆ ಆಗುತ್ತದೆಯೇ?

ದಪ್ಪ ತಳದ ಅಗಲ ಬಾಣಲೆಯಲ್ಲಿ ಆಗುತ್ತದೆ. ಎಣ್ಣೆ ಸವರಿ, ಬ್ರೆಡ್ ಪುಡಿಯ ತಳ ಹಾಸಿ, ಮಿಶ್ರಣವನ್ನು ಮೂರು ಸೆಂಟಿಮೀಟರಿಗಿಂತ ದಪ್ಪವಾಗದಂತೆ ಹರಡಿ, ತೀರ ಸಣ್ಣ ಉರಿಯಲ್ಲಿ ಮುಚ್ಚಿ 30ರಿಂದ 35 ನಿಮಿಷ ಬೇಯಿಸಿ. ಮುಚ್ಚಳಕ್ಕೆ ಬಟ್ಟೆ ಸುತ್ತಿದರೆ ಆವಿಯ ಹನಿ ಮೇಲೆ ಬೀಳುವುದಿಲ್ಲ. ಬಟ್ಟೆಯ ತುದಿ ಉರಿಯ ಕಡೆ ಇಳಿಯದಂತೆ ಮೇಲಕ್ಕೆ ಕಟ್ಟಿ. ಗರಿಗರಿ ಹೊದಿಕೆಯನ್ನು ಬೇರೆಯಾಗಿ ಬೆಣ್ಣೆಯಲ್ಲಿ ಹುರಿದು ಕೊನೆಯಲ್ಲಿ ಉದುರಿಸಿ. ಕನ್ವೆಕ್ಷನ್ ಇರುವ ಮೈಕ್ರೋವೇವ್ ಓವನ್‌ನಂತೆಯೇ ಕೆಲಸ ಮಾಡುತ್ತದೆ. ಬರಿಯ ಮೈಕ್ರೋವೇವ್ ಬೇಯಿಸುತ್ತದೆ, ಆದರೆ ಕಂದಾಗಿಸುವುದಿಲ್ಲ.

ಹಿಂದಿನ ದಿನವೇ ಸಿದ್ಧಪಡಿಸಿಡಬಹುದೇ?

ಹುರಿದ ಬಿಲ್ಲೆಯ, ಟೊಮೆಟೊ ಪದರದ ಕ್ಯಾಸರೋಲ್ ಜೋಡಿಸಿ ಒಂದು ರಾತ್ರಿ ಫ್ರಿಜ್‌ನಲ್ಲಿಡಬಹುದು. ಮೊಟ್ಟೆ ಬೆರೆಸಿದ ತುರಿಯನ್ನು ಹಾಗಿಟ್ಟರೆ ಅದು ರಾತ್ರಿಯಿಡೀ ನೀರು ಬಿಡುತ್ತದೆ. ಹಿಂಡಿದ ತುರಿಯನ್ನು ಬೇರೆ, ಮೊಟ್ಟೆ ಮಿಶ್ರಣವನ್ನು ಬೇರೆ ಇಟ್ಟು ಬೇಯಿಸುವ ಹೊತ್ತಿಗೆ ಸೇರಿಸಿ. ಹೊದಿಕೆಯನ್ನೂ ಆಗಲೇ ಹಾಕಿ. ಗಾಜಿನ ಪಾತ್ರೆಯನ್ನು ಫ್ರಿಜ್‌ನಿಂದ ತೆಗೆದು ನೇರವಾಗಿ ಕಾದ ಓವನ್‌ಗೆ ಇಡಬೇಡಿ, ಸಿಡಿಯಬಹುದು.

ಉಳಿದ ಕ್ಯಾಸರೋಲ್ ಎಷ್ಟು ದಿನ ಇರುತ್ತದೆ? ಫ್ರೀಜರ್‌ನಲ್ಲಿ ಇಡಬಹುದೇ?

ಬೆಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಮೂರು ನಾಲ್ಕು ದಿನದೊಳಗೆ ಮುಗಿಯಬೇಕು. ಬಿಸಿ ಮಾಡುವಾಗ ನಡುಭಾಗ 74 ಡಿಗ್ರಿ ಮುಟ್ಟಲಿ. ಮೈಕ್ರೋವೇವ್‌ಗಿಂತ ಬಾಣಲೆಯಲ್ಲಿ ತುಂಡುಗಳನ್ನು ಎರಡೂ ಬದಿ ಕಂದಾಗುವಂತೆ ಬಿಸಿ ಮಾಡಿದ್ದು ಮೊದಲ ದಿನದ್ದಕ್ಕಿಂತಲೂ ರುಚಿಯಾಗಿರುತ್ತದೆ.

ಫ್ರೀಜರ್‌ಗೆ ಟೊಮೆಟೊದ್ದು, ಅಕ್ಕಿಯದ್ದು ಚೆನ್ನಾಗಿ ಹೊಂದುತ್ತವೆ, ಎರಡು ಮೂರು ತಿಂಗಳು ಇಡಬಹುದು. ಮೊಟ್ಟೆ, ಕೆನೆ ಹೆಚ್ಚಿರುವುದು ಕರಗಿದಾಗ ನೀರೊಡೆಯುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್‌ಗೆ ವರ್ಗಾಯಿಸಿ ನಿಧಾನವಾಗಿ ಕರಗಿಸಿ.

ಅಡುಗೆಗೆ ಮೊದಲು ಹಸಿ ಕಾಯನ್ನು ಹೇಗೆ ಇಟ್ಟುಕೊಳ್ಳುವುದು?

ತೊಳೆಯದೆ, ಗಾಳಿಯಾಡುವ ಚೀಲದಲ್ಲಿ, ಫ್ರಿಜ್‌ನ ತರಕಾರಿ ಪೆಟ್ಟಿಗೆಯಲ್ಲಿ. ಒಂದು ವಾರ ಲೆಕ್ಕ ಹಾಕಿ. ತೀರ ತಣ್ಣಗಿನ ಜಾಗದಲ್ಲಿ ಸಿಪ್ಪೆಯ ಮೇಲೆ ಗುಳಿ ಬಿದ್ದು ಮೆತ್ತಗಾಗುತ್ತದೆ.

ಗಿಡದಲ್ಲೇ ಈ ಪ್ರವಾಹಕ್ಕೆ ಕಡಿವಾಣ ಹಾಕಲು ಆಗುವುದಿಲ್ಲವೇ?

ಕಾಯಿ 15ರಿಂದ 20 ಸೆಂಟಿಮೀಟರ್ ಇರುವಾಗಲೇ ಕೊಯ್ಯಿರಿ. ಬೀಜ ಎಳೆಯದು, ತಿರುಳು ಬಿಗಿ, ಹಿಂಡುವ ಕೆಲಸವೂ ಹಗುರ. ದೊಡ್ಡ ಕಾಯಿ ಗಿಡದಲ್ಲೇ ಉಳಿದರೆ ಹೊಸ ಕಾಯಿ ಬಿಡುವುದು ನಿಧಾನವಾಗುತ್ತದೆ ನಿಜ, ಆದರೆ ಅಡುಗೆಗೆ ಅದರಿಂದ ನಷ್ಟವೇ. ಇಳುವರಿ ತಗ್ಗಿಸಲು ಹೆಣ್ಣು ಹೂಗಳನ್ನೇ, ಅಂದರೆ ಬುಡದಲ್ಲಿ ಪುಟ್ಟ ಕಾಯಿ ಇರುವ ಹೂಗಳನ್ನು, ಕೊಯ್ದು ಅಡುಗೆಗೆ ಬಳಸಿ. ಕ್ಯಾಸರೋಲ್ ಬೇಯುವ ಕೊನೆಯ ಹತ್ತು ನಿಮಿಷದಲ್ಲಿ ಎಣ್ಣೆ ಸವರಿದ ಹೂಗಳನ್ನು ಮೇಲೆ ಹರಡಿದರೆ ಅಂಚು ಗರಿಗರಿಯಾಗುತ್ತದೆ. ಮುಂದಿನ ಸಲ ನೆಡುವಾಗ ಒಂದು ಸಣ್ಣ ಮನೆಗೆ ಎರಡು ಗಿಡ ಸಾಕು.

ಕಾಲ ಮುಗಿದ ಮೇಲೂ ಕ್ಯಾಸರೋಲ್ ಮಾಡಲು ಕಾಯನ್ನು ಕಾಪಿಡುವುದು ಹೇಗೆ?

ತುರಿದು ಫ್ರೀಜರ್‌ನಲ್ಲಿ. ತುರಿಯನ್ನು ಒಂದೆರಡು ನಿಮಿಷ, ಪಾರದರ್ಶಕ ಎನಿಸುವವರೆಗೆ, ಹಬೆಯಲ್ಲಿ ಬಾಡಿಸಿ, ತಣ್ಣಗಾಗಿಸಿ, ಒಂದು ಕ್ಯಾಸರೋಲ್‌ಗೆ ಬೇಕಾದಷ್ಟನ್ನು ಒಂದೊಂದು ಚೀಲದಲ್ಲಿ ತೆಳುವಾಗಿ ಚಪ್ಪಟೆ ಮಾಡಿ ತುಂಬಿ, ತೂಕ ಮತ್ತು ದಿನಾಂಕ ಬರೆದಿಡಿ. ಬಿಲ್ಲೆಗಳಾದರೆ ಕುದಿನೀರಿನಲ್ಲಿ ಮೂರು ನಿಮಿಷ, ತಕ್ಷಣ ಐಸ್ ನೀರಿಗೆ. ಬಾಡಿಸುವುದರಿಂದ ಬಣ್ಣ, ರುಚಿ ಕೆಡಿಸುವ ಕಿಣ್ವಗಳ ಕೆಲಸ ನಿಲ್ಲುತ್ತದೆ. ಡಬ್ಬಿಯಲ್ಲಿ ನೀರು ತುಂಬಿ ಕುದಿಸಿ ಮುಚ್ಚಿಡುವ ವಿಧಾನ ಜುಕಿನಿಗೆ ಸಲ್ಲದು. ಅದರಲ್ಲಿ ಆಮ್ಲ ಕಡಿಮೆ, ಮನೆಯಲ್ಲಿ ಹಾಗೆ ಮಾಡಿದರೆ ಬೊಟುಲಿಸಂ ವಿಷದ ಅಪಾಯವಿದೆ. ಅಮೆರಿಕದ ಕೃಷಿ ಇಲಾಖೆಯೂ ಜುಕಿನಿಯನ್ನು ಮನೆಯಲ್ಲಿ ಹೀಗೆ ಡಬ್ಬಿಯಲ್ಲಿಡಲು ಶಿಫಾರಸು ಮಾಡುವುದಿಲ್ಲ.

ಹೆಪ್ಪುಗಟ್ಟುವಾಗ ಐಸ್ ಹರಳುಗಳು ಕೋಶಗಳನ್ನು ಹರಿದಿರುವುದರಿಂದ ಕರಗಿದ ತುರಿ ಉಪ್ಪಿನ ಹಂಗಿಲ್ಲದೆಯೇ ನೀರು ಬಿಡುತ್ತದೆ. ಜರಡಿಯಲ್ಲಿ ಕರಗಲು ಬಿಟ್ಟು ಬಟ್ಟೆಯಲ್ಲಿ ಎರಡು ಸಲ ಹಿಂಡಿ, ಉಪ್ಪನ್ನು ಮಿಶ್ರಣಕ್ಕೆ ಆಮೇಲೆ ಹಾಕಿ. ಮೊಟ್ಟೆ ಚೀಸ್‌ನ ಅಳತೆಗೂ ಕಡಲೆಹಿಟ್ಟಿನದಕ್ಕೂ ಇದು ಹಸಿ ತುರಿಯಷ್ಟೇ ಚೆನ್ನಾಗಿ ಒದಗುತ್ತದೆ. ಅಕ್ಕಿಯ ಕ್ಯಾಸರೋಲ್‌ಗೆ ಬಳಸುವುದಾದರೆ ಹಿಂಡಬೇಡಿ. ಕರಗಿ ಬಂದ ನೀರನ್ನೂ ಜೊತೆಗೇ ಸುರಿಯಿರಿ.